ಬೈಲಕುಪ್ಪೆಯ ಬೆಣ್ಣೆಯಿಲ್ಲದ ಚಹಾ

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟು, ಹುಣಸೂರು ಪಿರಿಯಾಪಟ್ಟಣಗಳನ್ನು ಹಿಂದೆ ಹಾಕಿ ಮಡಿಕೇರಿಯ ಹಾದಿ ಹಿಡಿದವರಿಗೆ, ಸುಮಾರು 80 ಕಿಲೋಮೀಟರು ಸಾಗಿದ ಮೇಲೆ ಒಂದು ವಿಸ್ಮಯ ಕಾದಿರುತ್ತದೆ. ಅದುವರೆಗೆ ರಸ್ತೆಯ ಇಕ್ಕೆಲದಲ್ಲಿ ಕಾಣುತ್ತಿದ್ದುದು ಹೊಗೆಸೊಪ್ಪಿನ ತೋಟ, ರಾಗಿಯ ಹೊಲ, ಹೆಂಚಿನ ಮನೆ, ಅರಳಿಯ ಕಟ್ಟೆ. ಇದ್ದಕ್ಕಿದ್ದಂತೆ ಮುಸುಕಿನ ಜೋಳದ ಹೊಲದ ಅಂಚಿನಲ್ಲಿ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಬಣ್ಣದ ಬಟ್ಟೆಯ ಪತಾಕೆಗಳು ಗಾಳಿಗೆ ಪಟಪಟಿಸುತ್ತವೆ. ಕೆಂಪು ನಿಲುವಂಗಿಯ ಬಾಲಭಿಕ್ಷುಗಳು ಬಸ್ಸಿಗೆ ಕೈಬೀಸುತ್ತಾರೆ. ಕಾವೇರಿಯ ಸೇತುವೆಯನ್ನು ದಾಟಿದರೆ ಕುಶಾಲನಗರ, ಕೊಡಗಿನ ಸೀಮೆ. ದಾಟುವುದಕ್ಕೆ ಮುಂಚೆಯೇ ಕೊಪ್ಪದ ಬಳಿ ಎಡಕ್ಕೆ ತಿರುಗಿದರೆ, ಅದು ಟಿಬೆಟ್ಟು! ಹಿಮಾಲಯವನ್ನು ಹತ್ತಿ ಇಳಿಯುವ ಶ್ರಮವಿಲ್ಲದೆ ಕನ್ನಡಿಗನು ಕಾಣಬಹುದಾದ ಟಿಬೆಟ್ಟು.

ಈಚಿನ ಒಂದು ಭಾನುವಾರ ಮೈಸೂರಿನ ಒಂದು ಸಂಸಾರ ಹೀಗೆಯೇ ಎಡಕ್ಕೆ ತಿರುಗಿತು. ಸಂಸಾರವೆಂದರೆ ನಾಲ್ಕೇ ಜನ. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತಿಯ ದಿನಗಳನ್ನು ಎಣಿಸುತ್ತಿರುವ ಯಜಮಾನರು, ಅವರ ಪತ್ನಿ, ಕಾಲೇಜಿನಲ್ಲಿ ಓದುತ್ತಿರುವ ಮಗಳು, ಮತ್ತು ಎಪ್ಪತ್ತೆಂಟು ವರ್ಷದ ಅಜ್ಜಿ. ಅಜ್ಜಿಯ ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಚೀಲದಲ್ಲಿ ಒಂದು ತಂಬಿಗೆ ನೀರು, ಒಂದು ಬೆಲ್ಲದ ಪೊಟ್ಟಣ, ನಾಲ್ಕು ಬಾಳೆಯ ಹಣ್ಣು. ಹೊರಗಿನ ಊಟವನ್ನು ಆಕೆ ಮುಟ್ಟಿದವರಲ್ಲ.

ಈ ಸಂಸಾರದೊಳಗೆ ಕಳೆದ ಒಂದು ವರ್ಷದಿಂದ ಒಂದು ಸಣ್ಣ ಯುದ್ಧ ನಡೆದಿತ್ತು. ಮೊಮ್ಮಗಳು ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನು ಬಿಟ್ಟಿದ್ದಳು. ಕರುವಿನ ಪಾಲನ್ನು ಕಸಿದು ಕುಡಿಯಲಾರೆ ಎಂಬುದು ಅವಳ ವಾದ. ಇಂಥವರನ್ನು ಈಗ 'ವೀಗನ್' ಎನ್ನುತ್ತಾರೆಂದು ಅವಳು ಹೇಳಿದಾಗ ಅಜ್ಜಿ, "ಹೆಸರೇನಾದರೂ ಇರಲಿ, ತುಪ್ಪ ಬೀಳದ ಅನ್ನವನ್ನು ಎಲೆಗೆ ಹೇಗೆ ಬಡಿಸಲಿ?" ಎಂದು ಕಣ್ಣೀರಿಟ್ಟಿದ್ದರು. ಅನ್ನಕ್ಕೆ ಅಭಿಘಾರವಿಲ್ಲ, ಕೊನೆಗೆ ಮಜ್ಜಿಗೆಯಿಲ್ಲ, ಹಬ್ಬಕ್ಕೆ ಪಾಯಸವಿಲ್ಲ, ಪೂಜೆಯ ಪಂಚಾಮೃತಕ್ಕೆ ಕೈಯೊಡ್ಡುವುದಿಲ್ಲ. ಅಜ್ಜಿಗೆ ಅದು ತಮ್ಮ ಅಡಿಗೆಯ ಮನೆಗೇ ಮಾಡಿದ ಅವಮಾನದಂತೆ ತೋರಿತ್ತು. ಅಜ್ಜಿ ಮೊಮ್ಮಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣದೆ ತಿಂಗಳುಗಳೇ ಕಳೆದಿದ್ದವು.

ಕಾಡು ಊರಾದ ಬಗೆ

ಬೈಲಕುಪ್ಪೆಯ ಕಥೆ 1959ರಲ್ಲಿ ಪ್ರಾರಂಭವಾಗುತ್ತದೆ. ಆ ವರ್ಷದ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲ್ಹಾಸಾ ನಗರವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಅನೇಕರಿಗೆ ಮೊದಲು ದೊರೆತ ಕೆಲಸ ಉತ್ತರದ ಬೆಟ್ಟಗಳಲ್ಲಿ ರಸ್ತೆ ಕಡಿಯುವ ಕೂಲಿ. ನೆಲೆನಿಲ್ಲಲು ಇವರಿಗೆ ಭೂಮಿ ಬೇಕಾಗಿತ್ತು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕಾಡುಭೂಮಿಯನ್ನು ನೀಡಲು ಮುಂದೆ ಬಂತು. ಈ ವಿಷಯದಲ್ಲಿ ಎಸ್. ನಿಜಲಿಂಗಪ್ಪನವರು ತೋರಿದ ಔದಾರ್ಯವನ್ನು ದಲೈ ಲಾಮಾ ಅವರು ಅನೇಕ ಬಾರಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. 1960ರಲ್ಲಿ ನೆಲೆಗೊಂಡ ಆ ವಸತಿಗೆ 'ಲುಗ್ಸುಂಗ್ ಸಮ್ದುಪ್ಲಿಂಗ್' ಎಂದು ಹೆಸರಾಯಿತು. 1969ರಲ್ಲಿ 'ಡಿಕ್ಯಿ ಲಾರ್ಸೊ' ಎಂಬ ಎರಡನೆಯ ವಸತಿಯೂ ಸೇರಿತು.

ಬಂದವರು ತಂಪುನಾಡಿನ ಜನ. ಇಲ್ಲಿ ಅವರಿಗೆ ದೊರೆತದ್ದು ಬಿಸಿಲು, ಬಿದಿರುಮೆಳೆ, ಸೊಳ್ಳೆ. ಹಗಲೆಲ್ಲ ಮರ ಕಡಿದು, ಬೇರು ಸುಟ್ಟು, ನೆಲ ಹದಮಾಡಿದರೆ, ರಾತ್ರಿ ಕಾಡಾನೆಗಳು ಬಂದು ಪೈರನ್ನು ತುಳಿದು ಹೋಗುತ್ತಿದ್ದವು. ಟಿಬೆಟ್ಟಿನ ಜವೆಗೋಧಿ ಈ ಮಣ್ಣಿಗೆ ಒಗ್ಗಲಿಲ್ಲ, ಮುಸುಕಿನ ಜೋಳ ಒಗ್ಗಿತು. ಇಂದು ಆ ಕಾಡಿನ ಜಾಗದಲ್ಲಿ ಶಾಲೆಗಳಿವೆ, ಆಸ್ಪತ್ರೆಯಿದೆ, ಮಠಗಳಿವೆ. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾದ ಸೆರಾ ವಿದ್ಯಾಪೀಠ ಇಲ್ಲಿ ಮತ್ತೆ ತಲೆಯೆತ್ತಿ ನಿಂತಿದೆ. 1963ರಲ್ಲಿ ಪೆನೊರ್ ರಿಂಪೊಚೆಯವರು ಅಡಿಗಲ್ಲಿಟ್ಟ ನಾಮ್‌ಡ್ರೋಲಿಂಗ್ ಮಠದಲ್ಲಿ 1999ರಲ್ಲಿ ಪ್ರಾರಂಭವಾದ ಸ್ವರ್ಣಮಂದಿರವನ್ನು ನೋಡಲು ನಾಡಿನ ನಾನಾ ಮೂಲೆಗಳಿಂದ ಜನ ಬರುತ್ತಾರೆ. ಬುದ್ಧ, ಪದ್ಮಸಂಭವ, ಅಮಿತಾಯುಸ್ ಎಂಬ ಮೂರು ಬೃಹನ್ಮೂರ್ತಿಗಳ ಮುಂದೆ ನಿಂತು ಅಜ್ಜಿ ಕೈಮುಗಿದರು. ಭಿಕ್ಷುಗಳ ಮಂತ್ರಘೋಷ, ತುತ್ತೂರಿ, ನಗಾರಿಗಳ ನಾದ ನಿಂತ ಮೇಲೂ ಅವರು ಅಲ್ಲಿಂದ ಕದಲಲಿಲ್ಲ. "ದೇವಸ್ಥಾನವಂತೂ ಆಯಿತು, ಇನ್ನು ಹೊಟ್ಟೆಯ ಗತಿಯೇನು?" ಎಂದು ಯಜಮಾನರು ನೆನಪಿಸಬೇಕಾಯಿತು.

ಮಾಂಸವಿಲ್ಲದ ಮನೆ

ಮಂದಿರದಿಂದ ತುಸುದೂರದಲ್ಲಿ, ಒಂದು ಓಣಿಯ ತಿರುವಿನಲ್ಲಿ, ಆರು ಮೇಜುಗಳ ಒಂದು ಪುಟ್ಟ ಊಟದ ಮನೆ. ಗೋಡೆಯ ಮೇಲೆ ಪೊಟಾಲಾ ಅರಮನೆಯ ಚಿತ್ರ. ಬಾಗಿಲಿಗೆ ಹೂವಿನ ಚಿತ್ತಾರದ ಪರದೆ. ಒಲೆಯ ಮೇಲೆ ನಮ್ಮ ಇಡ್ಲಿಯ ಪಾತ್ರೆಯನ್ನು ಹೋಲುವ, ಒಂದರ ಮೇಲೊಂದು ಅಂತಸ್ತುಗಳಿರುವ ಅಲ್ಯೂಮಿನಿಯಂ ಹಬೆಪಾತ್ರೆ. ಹೊರಗಿನ ಹಲಗೆಯ ಮೇಲೆ ಕನ್ನಡದಲ್ಲಿ 'ಇಲ್ಲಿ ಮಾಂಸ, ಮೊಟ್ಟೆ ಇಲ್ಲ. ಕೇಳಿದರೆ ಹಾಲು, ಬೆಣ್ಣೆಯೂ ಇಲ್ಲದೆ ಮಾಡಿಕೊಡಲಾಗುವುದು' ಎಂದು ಬರೆದಿತ್ತು. ಎರಡನೆಯ ಸಾಲನ್ನು ಓದಿ ಮೊಮ್ಮಗಳ ಮುಖ ಅರಳಿತು. ಅಜ್ಜಿಯ ಮುಖ ಬಾಡಿತು.

"ಇಲ್ಲಿಗೂ ಬಂತೇನೇ ನಿನ್ನ ವ್ರತ?" ಎಂದರು ಅಜ್ಜಿ.

ಟಿಬೆಟ್ಟಿನ ಅಡಿಗೆಯಲ್ಲಿ ಮಾಂಸವಿಲ್ಲವೆಂಬುದು ಮಲೆನಾಡಿನಲ್ಲಿ ಮಳೆಯಿಲ್ಲವೆಂದಂತೆ ಕೇಳಿಸಬಹುದು. ಅದಕ್ಕೆ ಕಾರಣವಿದೆ. ಸರಾಸರಿ ನಾಲ್ಕೂವರೆ ಸಾವಿರ ಮೀಟರು ಎತ್ತರದ ಆ ಪ್ರಸ್ಥಭೂಮಿಯ ಬಹುಭಾಗದಲ್ಲಿ ತರಕಾರಿಯೆಂಬುದು ದುರ್ಲಭ. ಜವೆಗೋಧಿಯೊಂದು ಹೇಗೋ ಬೆಳೆಯುತ್ತದೆ. ಇನ್ನೂ ಮೇಲಿನ ಹುಲ್ಲುಗಾವಲುಗಳಲ್ಲಿ ಅದೂ ಇಲ್ಲ. ಅಲ್ಲಿ ಮನುಷ್ಯನನ್ನು ಬದುಕಿಸುವುದು ಯಾಕ್ ಮತ್ತು ಕುರಿಯ ಮಾಂಸ, ಬೆಣ್ಣೆ, ಗಿಣ್ಣು. (ಯಾಕ್ ಎಂದರೆ ಗಂಡು, ಹಾಲು ಕೊಡುವುದು 'ಡ್ರಿ' ಎಂಬ ಹೆಣ್ಣು. 'ಯಾಕ್ ಹಾಲು' ಎಂದವರನ್ನು ಕಂಡು ಟಿಬೆಟ್ಟಿನವರು, ಎತ್ತಿನ ಹಾಲು ಕೇಳಿದವನನ್ನು ಕಂಡು ನಾವು ನಕ್ಕಂತೆ ನಗುತ್ತಾರೆ.) ಕೊಲ್ಲಲೇಬೇಕಾದರೆ ಹತ್ತಾರು ಸಣ್ಣ ಜೀವಗಳಿಗಿಂತ ಒಂದು ದೊಡ್ಡ ಜೀವವನ್ನು ಕೊಲ್ಲುವುದೇ ಕಡಿಮೆ ಪಾಪವೆಂಬ ಭಾವನೆ ಅವರಲ್ಲಿ ಬೆಳೆದುಬಂತು.

ಆದರೆ ಬುದ್ಧನ ಕರುಣೆಗೂ ತಟ್ಟೆಯ ಮಾಂಸಕ್ಕೂ ಹೊಂದಿಕೆಯೆಲ್ಲಿ ಎಂಬ ಪ್ರಶ್ನೆ ಆ ನಾಡನ್ನು ಬಿಟ್ಟಿರಲಿಲ್ಲ. ಲಂಕಾವತಾರಸೂತ್ರದ ಒಂದು ಅಧ್ಯಾಯವೇ ಮಾಂಸಾಹಾರವನ್ನು ಖಂಡಿಸುತ್ತದೆ. 1781ರಿಂದ 1851ರ ವರೆಗೆ ಬಾಳಿದ ಶಬ್ಕರ್ ಎಂಬ ಯೋಗಿ ಲ್ಹಾಸಾದಲ್ಲಿ ಮಾಂಸವನ್ನು ತ್ಯಜಿಸಿ, ಉಳಿದ ಆಯುಷ್ಯವೆಲ್ಲ ಅದನ್ನೇ ಬೋಧಿಸಿದನು. ದಲೈ ಲಾಮಾ ಅವರೂ 1960ರ ದಶಕದಲ್ಲಿ ಮಾಂಸವನ್ನು ಬಿಟ್ಟಿದ್ದರು. ಕಾಮಾಲೆಯಿಂದ ನರಳಿದಾಗ ವೈದ್ಯರ ಸಲಹೆಗೆ ಮಣಿದು ಮತ್ತೆ ಸೇವಿಸಬೇಕಾಯಿತು. ಆದರೂ ಸಸ್ಯಾಹಾರವನ್ನು ಅವರು ಜನರಿಗೆ ಹೇಳುತ್ತಲೇ ಬಂದರು. 2007ರ ಜನವರಿಯಲ್ಲಿ ಬುದ್ಧಗಯೆಯ ಪ್ರಾರ್ಥನಾಸಭೆಯಲ್ಲಿ ಕರ್ಮಾಪಾ ಒಗ್ಯೆನ್ ತ್ರಿನ್ಲೆ ದೋರ್ಜೆಯವರು ತಮ್ಮ ಪಂಥದ ಮಠಗಳ ಅಡಿಗೆಮನೆಗೆ ಮಾಂಸ ಬರಕೂಡದೆಂದು ಸಾರಿದರು. ಸಾಮಾನ್ಯ ಗೃಹಸ್ಥರಲ್ಲಿಯೂ, ಬುದ್ಧನ ಜ್ಞಾನೋದಯ ಪರಿನಿರ್ವಾಣಗಳ ಮಾಸವಾದ 'ಸಾಗಾ ದಾವಾ'ದಲ್ಲಿ ಮಾಂಸ ಬಿಡುವವರು ಬಹಳ. ಸೊಪ್ಪು ತರಕಾರಿ ಹೇರಳವಾಗಿ ಸಿಗುವ ಕಾವೇರಿಯ ತೀರದಲ್ಲಿ, ಎತ್ತರದ ನಾಡಿನ ಹಳೆಯ ಸಮಜಾಯಿಷಿ ಉಳಿಯುವುದೂ ಕಷ್ಟವೇ.

ಮೊಮೊ ಮತ್ತು ಮೊಮೊ-ಲಾ

ಊಟದ ಮನೆಯ ಒಡತಿ ಎಪ್ಪತ್ತು ದಾಟಿದ ಹೆಂಗಸು. ಉದ್ದನೆಯ ಕಪ್ಪು 'ಚುಪಾ', ಅದರ ಮೇಲೆ ಪಟ್ಟೆಪಟ್ಟೆಯ ಮುಂಗವಚ, ಎರಡು ಬಿಳಿಯ ಜಡೆ. ಕುಶಾಲನಗರದ ಸಂತೆಯಲ್ಲಿ ಕಲಿತ ಆಕೆಯ ಕನ್ನಡ ಸರಾಗವಾಗಿತ್ತು.

"ಬನ್ನಿ ಅಮ್ಮ, ಕುಳಿತುಕೊಳ್ಳಿ. ಮೊಮೊ ಬಿಸಿಬಿಸಿಯಾಗಿದೆ" ಎಂದಳು.

ಮೊಮೊ ಎಂದರೆ ನಮ್ಮ ಕಡುಬಿನ ದಾಯಾದಿ. ಮೈದಾಹಿಟ್ಟಿಗೆ ಬರಿಯ ನೀರು ಸೇರಿಸಿ ನಾದಿ, ಪೂರಿಗಿಂತ ತೆಳ್ಳಗೆ ಲಟ್ಟಿಸಿ, ನಡುವೆ ಹೂರಣವಿಟ್ಟು, ಅಂಚನ್ನು ನೆರಿಗೆನೆರಿಗೆಯಾಗಿ ಮಡಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಇಲ್ಲಿ ಹೂರಣಕ್ಕೆ ಎಲೆಕೋಸು, ಗಜ್ಜರಿ, ಶುಂಠಿ, ಸೋಯಾ ಹಾಲನ್ನು ಒಡೆಸಿ ಮಾಡಿದ ತೋಫು. ಜೊತೆಗೆ ಕಣ್ಣಲ್ಲಿ ನೀರು ತರಿಸುವ 'ಸೆಪೆನ್' ಎಂಬ ಕೆಂಪು ಮೆಣಸಿನಕಾಯಿಯ ಚಟ್ನಿ. 'ತೆಂತುಕ್' ಎಂಬುದು ಹಿಟ್ಟನ್ನು ಕೈಯಿಂದಲೇ ಎಳೆದು ಹರಿದು ಕುದಿಯುವ ಸಾರಿಗೆ ಹಾಕಿದ ಭಕ್ಷ್ಯ. ಮೂಳೆಯ ಸಾರಿನ ಬದಲು ಇಲ್ಲಿ ಮೂಲಂಗಿ, ಟೊಮ್ಯಾಟೊ, ಒಣಗಿದ ಅಣಬೆಗಳ ಸಾರು. 'ಲಾಫಿಂಗ್' ಎಂಬುದು ಹೆಸರುಕಾಳಿನ ಪಿಷ್ಟವನ್ನು ಕುದಿಸಿ, ಆರಿಸಿ, ಹಲ್ವದಂತೆ ಗಟ್ಟಿಯಾದ ಮೇಲೆ ಕತ್ತರಿಸಿ ಖಾರದ ನೀರು ಹುಯ್ದು ಕೊಡುವ ತಿಂಡಿ. 'ತಿಂಗ್‌ಮೊ' ಉಬ್ಬಿದ ಹಿಟ್ಟಿನಿಂದ ಪದರಪದರವಾಗಿ ಮಾಡಿದ, ಬಿಳಿಯ ಹೂವಿನಂಥ ಹಬೆರೊಟ್ಟಿ. ಇವಾವುದರಲ್ಲಿಯೂ ಹಾಲಿಲ್ಲ, ಬೆಣ್ಣೆಯಿಲ್ಲ. ಮೊಮ್ಮಗಳು ಒಂದು ತಟ್ಟೆ ಮೊಮೊ ಮುಗಿಸಿ ಎರಡನೆಯದನ್ನು ತರಿಸಿದಳು. ಯಜಮಾನರು ಸೆಪೆನ್ ಸಾಹಸ ಮಾಡಿ ಬಿಕ್ಕಳಿಸುತ್ತಿದ್ದರು.

"ನಿಮ್ಮನ್ನು ಏನೆಂದು ಕರೆಯಬೇಕು?" ಎಂದು ಮೊಮ್ಮಗಳು ಒಡತಿಯನ್ನು ಕೇಳಿದಳು.

"ನಮ್ಮ ಭಾಷೆಯಲ್ಲಿ ಅಜ್ಜಿಗೆ ಮೊಮೊ ಎನ್ನುತ್ತಾರೆ ಮಗು. ಗೌರವಕ್ಕೆ 'ಲಾ' ಸೇರಿಸಬೇಕು. ಮೊಮೊ-ಲಾ."

"ಹಾಗಾದರೆ ಇವಳು ಇಷ್ಟು ಹೊತ್ತು ತಿಂದದ್ದು ಅಜ್ಜಿಯನ್ನೇ?" ಎಂದರು ಯಜಮಾನರು.

"ಬರೆಯುವುದು ಬೇರೆ ಸ್ವಾಮಿ. ಕೇಳುವವರಿಗೆ ಮಾತ್ರ ಒಂದೇ" ಎಂದು ಒಡತಿ ನಕ್ಕಳು. ಬಾಳೆಯ ಹಣ್ಣು ಸುಲಿಯುತ್ತಿದ್ದ ಅಜ್ಜಿಗೂ ನಗೆ ತಡೆಯಲಾಗಲಿಲ್ಲ. ಆ ನಗೆಯಿಂದ ಒಡತಿಗೆ ಧೈರ್ಯ ಬಂತು.

"ನೀವೇಕೆ ಏನೂ ತೆಗೆದುಕೊಳ್ಳಲಿಲ್ಲ ಅಮ್ಮ? ಈರುಳ್ಳಿ, ಬೆಳ್ಳುಳ್ಳಿ ಬಿಟ್ಟಿದ್ದೀರಾ?"

"ಬಿಟ್ಟು ಐವತ್ತು ವರ್ಷವಾಯಿತು ತಾಯಿ. ಏಕಾದಶಿ, ಚಾತುರ್ಮಾಸ್ಯ ಎಲ್ಲ ನಡೆಸಿಕೊಂಡು ಬಂದಿದ್ದೇನೆ."

"ನ್ಯುಂಗ್ನೆ ಹಿಡಿದಾಗ ನಾವೂ ಅವನ್ನು ಮುಟ್ಟುವುದಿಲ್ಲ."

ಅಜ್ಜಿಯ ಕೈಯಲ್ಲಿದ್ದ ಹಣ್ಣು ಅಲ್ಲಿಯೇ ನಿಂತಿತು. "ಅದೇನು ವ್ರತ?" ಎಂದು ಕೇಳಿದರು.

ಒಡತಿ ವಿವರಿಸಿದಳು. ನ್ಯುಂಗ್ನೆ ಎಂಬುದು ಸಾವಿರ ತೋಳಿನ ಅವಲೋಕಿತೇಶ್ವರನನ್ನು ಕುರಿತ ಉಪವಾಸದ ವ್ರತ. ಗೆಲೊಂಗ್‌ಮಾ ಪಾಲ್ಮೊ ಎಂಬ ಭಿಕ್ಷುಣಿ ಇದನ್ನಾಚರಿಸಿ ಕುಷ್ಠರೋಗದಿಂದ ಪಾರಾದಳೆಂದು ಪ್ರತೀತಿ. ಮೊದಲ ದಿನ ಒಂದೇ ಹೊತ್ತು ಊಟ. ಅದರಲ್ಲಿ ಮಾಂಸ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಇರಕೂಡದು. ಎರಡನೆಯ ದಿನ ಅನ್ನವಿಲ್ಲ, ನೀರಿಲ್ಲ. ಮೂರನೆಯ ದಿನ ಬೆಳಗ್ಗೆ ವ್ರತ ಬಿಡುವುದು.

"ದಶಮಿ, ಏಕಾದಶಿ, ದ್ವಾದಶಿ!" ಎಂದು ಅಜ್ಜಿ ಉದ್ಗರಿಸಿದರು. "ಇದು ನಮ್ಮದೇ ಅಲ್ಲವೇ?"

"ಎರಡನೆಯ ದಿನ ಮಾತೂ ಆಡುವಂತಿಲ್ಲ ಅಮ್ಮ. ಪೂರ್ತಿ ಮೌನ."

"ಅದೊಂದು ಮಾತ್ರ ನನ್ನ ಕೈಯಲ್ಲಿ ಆಗದು" ಎಂದರು ಅಜ್ಜಿ. ಸೊಸೆ ಮುಖ ತಿರುಗಿಸಿ ನಕ್ಕದ್ದನ್ನು ಅವರು ಕಂಡೂ ಕಾಣದಂತಿದ್ದರು.

ಬಡತನದ ಚಹಾ

ಊಟವಾದ ಮೇಲೆ ಟಿಬೆಟ್ಟಿನ ಚಹಾ ಬರಬೇಕು. ಇಟ್ಟಿಗೆಯಂತೆ ಅಚ್ಚೊತ್ತಿದ ಚಹಾವನ್ನು ಗಂಟೆಗಟ್ಟಲೆ ಕುದಿಸಿ, ಉಪ್ಪು ಬೆಣ್ಣೆ ಸೇರಿಸಿ, ಉದ್ದನೆಯ ಮರದ ಕೊಳವೆಯಲ್ಲಿ ಮಜ್ಜಿಗೆ ಕಡೆದಂತೆ ಕಡೆದು ಕೊಡುವ ಪಾನೀಯ ಅದು. ಆ ನಾಡಿನ ಚಳಿಯಲ್ಲಿ ಅದೇ ಕಂಬಳಿ, ಅದೇ ಆಹಾರ. ಮೊಮ್ಮಗಳು ಸಂಕೋಚದಿಂದ, "ಬೆಣ್ಣೆಯಿಲ್ಲದೆ ಆಗುವುದಿಲ್ಲ, ಅಲ್ಲವೇ ಮೊಮೊ-ಲಾ?" ಎಂದಳು.

ಒಡತಿ ಕೂಡಲೇ ಉತ್ತರ ಕೊಡಲಿಲ್ಲ. ಬೆಂಚಿನ ತುದಿಗೆ ಕುಳಿತುಕೊಂಡಳು.

"ಆಗುತ್ತದೆ ಮಗು. ಅದಕ್ಕೆ 'ಜಾ ತಾಂಗ್' ಎನ್ನುತ್ತೇವೆ. ಬರಿಯ ಕಪ್ಪು ಚಹಾ, ಉಪ್ಪು. ನಾನು ಇಲ್ಲಿಗೆ ಬಂದಾಗ ಎಂಟು ವರ್ಷದವಳು. ಕಾಡು ಕಡಿಯುತ್ತಿದ್ದ ದಿನಗಳು. ಡೇರೆಯಲ್ಲಿ ಬೆಣ್ಣೆಯೆಲ್ಲಿಂದ ಬರಬೇಕು? ಸಿಕ್ಕಿದರೂ ಈ ಸೆಕೆಗೆ ಮರುದಿನವೇ ನಾರುತ್ತಿತ್ತು. ನಮ್ಮಮ್ಮ ಪ್ರತಿದಿನ ಜಾ ತಾಂಗ್ ಕಾಸುತ್ತಿದ್ದಳು. ಬಟ್ಟಲಿಗೆ ಹುಯ್ಯುವಾಗ, 'ಮೇಲೆ ಬೆಣ್ಣೆ ತೇಲುತ್ತಿದೆ ಎಂದುಕೋ' ಎನ್ನುತ್ತಿದ್ದಳು. ಅದು ನಮ್ಮ ಬಡತನದ ಚಹಾ. ಈಗ ಪೇಟೆಯ ಮಕ್ಕಳು ಬಂದು ಬೆಣ್ಣೆ ಬೇಡ ಎಂದು ತಾವಾಗಿಯೇ ಅದನ್ನು ಕೇಳುತ್ತಾರೆ. ಮೊದಲು ನನಗೆ ಕೋಪ ಬರುತ್ತಿತ್ತು."

"ಈಗ?" ಎಂದರು ಅಜ್ಜಿ.

"ಅಮ್ಮ ಸತ್ತಾಗ ನಲವತ್ತೊಂಬತ್ತು ದಿನ ಮಾಂಸ ಬಿಟ್ಟೆ. ಸತ್ತವರ ದಾರಿಗೆ ಪುಣ್ಯವಾಗಲೆಂದು ನಮ್ಮಲ್ಲಿ ಹೀಗೆ ಮಾಡುವುದುಂಟು. ಐವತ್ತನೆಯ ದಿನ ತಿನ್ನಲು ಮನಸ್ಸು ಬರಲಿಲ್ಲ. ಅಂಗಡಿಯಲ್ಲಿಯೂ ನಿಲ್ಲಿಸಿದೆ. ಮಗ, 'ಮಾಂಸವಿಲ್ಲದೆ ಟಿಬೆಟ್ಟಿನ ಊಟವೆಂದು ಯಾರು ಬರುತ್ತಾರೆ?' ಎಂದ. ಈಗ ಅವನು ವಿದೇಶದಲ್ಲಿದ್ದಾನೆ. ಅವನ ಜೊತೆ ಓದಿದ ಹುಡುಗರೂ ಇಲ್ಲಿಲ್ಲ. ಇಲ್ಲಿಗೆ ಬರುವವರು ನೀವೇ."

ಬೈಲಕುಪ್ಪೆಯ ಅನೇಕ ಮನೆಗಳ ಕಥೆ ಇದೇ. ಕಾಡು ಕಡಿದವರ ಮೊಮ್ಮಕ್ಕಳು ಓದಿ, ಉದ್ಯೋಗವನ್ನರಸಿ ಯೂರೋಪು, ಅಮೆರಿಕಾಗಳಿಗೆ ತೆರಳುತ್ತಿದ್ದಾರೆ. ಜೋಳದ ಹೊಲಗಳಲ್ಲಿ ಮುದುಕರು ಉಳಿದಿದ್ದಾರೆ.

"ಬೆಣ್ಣೆ ಹೋಯಿತು, ಮಾಂಸ ಹೋಯಿತು. ಇನ್ನು ಇದರಲ್ಲಿ ಟಿಬೆಟ್ಟಿನದೆಂಬುದು ಏನುಳಿಯಿತು?" ಎಂದು ಯಜಮಾನರು ಕೇಳಿದರು. ಪ್ರಶ್ನೆ ಸ್ವಲ್ಪ ಕಠಿನವಾಯಿತೆಂದು ಅವರ ಪತ್ನಿ ಕಣ್ಸನ್ನೆ ಮಾಡಿದರು.

ಒಡತಿ ಎದ್ದು ಒಳಗೆ ಹೋಗಿ ಒಂದು ಮರದ ಡಬ್ಬಿಯನ್ನು ತಂದು ಮೇಜಿನ ಮೇಲಿಟ್ಟಳು. ಮುಚ್ಚಳ ತೆರೆದಳು. ಹುರಿದ ಧಾನ್ಯದ ಘಮ ಹರಡಿತು. ಅಜ್ಜಿ ಮುಂದಕ್ಕೆ ಬಾಗಿದರು.

"ಇದು ಹುರಿಹಿಟ್ಟು!"

"ತ್ಸಾಂಪಾ" ಎಂದಳು ಒಡತಿ. "ಜವೆಗೋಧಿಯದು. ಉತ್ತರದಿಂದ ತರಿಸುತ್ತೇನೆ."

ಕಾದ ಮರಳಿನಲ್ಲಿ ಜವೆಗೋಧಿಯನ್ನು ಅರಳಿಸಿ, ಜರಡಿ ಹಿಡಿದು, ಬೀಸಿದ ಹಿಟ್ಟು ಅದು. ಮೈಸೂರು ಸೀಮೆಯ ಅಜ್ಜಿಯರು ರಾಗಿಯನ್ನು ಅರಳಿಸಿ ಬೀಸಿ ಮಾಡುವ ಹುರಿಹಿಟ್ಟಿಗೂ ಅದಕ್ಕೂ ಧಾನ್ಯವೊಂದನ್ನುಳಿದು ಭೇದವಿಲ್ಲ. ಟಿಬೆಟ್ಟಿನವನು ದೂರದ ಪ್ರಯಾಣಕ್ಕೆ ಹೊರಟಾಗ ಚರ್ಮದ ಚೀಲದಲ್ಲಿ ಕಟ್ಟಿಕೊಳ್ಳುತ್ತಿದ್ದುದು ಇದನ್ನೇ. ಒಲೆ ಬೇಡ, ಪಾತ್ರೆ ಬೇಡ. ಬಟ್ಟಲಿನಲ್ಲಿ ಚಹಾದೊಡನೆ ಬೆರಳಿನಿಂದ ಕಲಸಿ ಉಂಡೆಮಾಡಿದರೆ ಊಟವಾಯಿತು.

"ಗಡಿ ದಾಟುವಾಗ ನಮ್ಮಮ್ಮನ ಸೊಂಟದಲ್ಲಿ ಇದ್ದುದು ಇದೊಂದೇ. ಉಳಿದದ್ದೆಲ್ಲ ದಾರಿಯಲ್ಲಿ ಹೋಯಿತು. ಇದು ಇದ್ದರೆ ಊಟ ನಮ್ಮದೇ ಸ್ವಾಮಿ" ಎಂದಳು ಒಡತಿ.

ಅಜ್ಜಿ ಕ್ಷಣಕಾಲ ಆಲೋಚಿಸಿದರು. ಅವರ ಶಾಸ್ತ್ರದಲ್ಲಿ ನೀರಿನಲ್ಲಿ ಬೇಯಿಸಿದ್ದು ಮುಸುರೆ. ಒಣಗಿ ಹುರಿದ ಧಾನ್ಯಕ್ಕೆ ಆ ದೋಷವಿಲ್ಲ. ಅರಳು, ಅವಲಕ್ಕಿ, ಹುರಿಹಿಟ್ಟುಗಳನ್ನು ಪ್ರಯಾಣದಲ್ಲಿ ಎಲ್ಲರೂ ಸ್ವೀಕರಿಸುತ್ತಾರೆ. ಚೀಲದಿಂದ ತಂಬಿಗೆಯನ್ನೂ ಬೆಲ್ಲದ ಪೊಟ್ಟಣವನ್ನೂ ತೆಗೆದರು. ಅಂಗೈ ಚಾಚಿದರು.

"ಹಾಕು ತಾಯಿ" ಎಂದರು.

ಐವತ್ತು ವರ್ಷಗಳಿಂದ ಹೊರಗಿನದನ್ನು ಮುಟ್ಟದಿದ್ದ ತಾಯಿ ಕೈಯೊಡ್ಡಿದ್ದನ್ನು ಕಂಡು ಯಜಮಾನರಿಗೆ ಮಾತೇ ಹೊರಡಲಿಲ್ಲ. ಒಡತಿ ಎರಡು ಚಮಚ ಹಿಟ್ಟನ್ನು ಹಾಕಿದಳು. ಅಜ್ಜಿ ತಮ್ಮ ನೀರಿನಲ್ಲಿ, ತಮ್ಮ ಬೆಲ್ಲದಲ್ಲಿ ಕಲಸಿ ಉಂಡೆ ಕಟ್ಟಿದರು. ಒಡತಿ ಕಪ್ಪು ಚಹಾ ಉಪ್ಪಿನೊಡನೆ ತನ್ನದನ್ನು ಕಲಸಿದಳು.

ಮೊಮ್ಮಗಳು ಸುಮ್ಮನೆ ನೋಡುತ್ತಿದ್ದಳು. ಅಜ್ಜಿ ಉಂಡೆಯನ್ನು ಎರಡು ಭಾಗ ಮಾಡಿ ಒಂದನ್ನು ಅವಳ ಕೈಗಿಟ್ಟರು.

"ತಿನ್ನೇ ಪುಟ್ಟಿ. ಇದಕ್ಕೆ ಹಾಲು ಹಾಕಿಲ್ಲ, ತುಪ್ಪವೂ ಹಾಕಿಲ್ಲ."

ಅವಳು ತಿಂದಳು. ಆಮೇಲೆ ಮೆಲ್ಲನೆ, "ಅಜ್ಜಿ, ನಿಮಗೆ ಕೋಪವಿಲ್ಲವೇ?" ಎಂದಳು.

"ಇತ್ತು" ಎಂದರು ಅಜ್ಜಿ. "ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಕ್ಷೀರವ್ರತವೆಂದು ನಾನೂ ಹಾಲು ಬಿಡುತ್ತೇನಲ್ಲವೇ? ನೀನು ಹನ್ನೆರಡು ತಿಂಗಳೂ ಹಿಡಿದಿದ್ದೀಯೆ. ಒಂದು ಜೀವಕ್ಕೆ ನೋವಾಗದಿರಲಿ ಎಂದು ಬಿಟ್ಟದ್ದನ್ನು ಸೊಕ್ಕಿನಿಂದ ಬಿಟ್ಟದ್ದೆಂದು ನಾನೆಣಿಸಿದೆ. ಆದರೆ ತುಪ್ಪದ ವಿಷಯ ಮನೆಗೆ ಹೋದ ಮೇಲೆ ಮಾತಾಡೋಣ. ಅದನ್ನು ನಾನಿನ್ನೂ ಒಪ್ಪಿಲ್ಲ."

ಹೊರಡುವಾಗ ಒಡತಿ ಅರ್ಧ ಸೇರು ತ್ಸಾಂಪಾವನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು. ದುಡ್ಡು ಬೇಡವೆಂದಳು. ಅಜ್ಜಿ ಬರಿಗೈಯಲ್ಲಿ ತೆಗೆದುಕೊಳ್ಳಲು ಒಪ್ಪದೆ, ಉಳಿದ ಬೆಲ್ಲದ ಪೊಟ್ಟಣವನ್ನು ಅವಳ ಕೈಯಲ್ಲಿರಿಸಿದರು. "ಮುಂದಿನ ಸಲ ಬರುವಾಗ ರಾಗಿಯ ಹುರಿಹಿಟ್ಟು ತರುತ್ತೇನೆ. ನಿಮ್ಮ ಚಹಾದಲ್ಲಿ ಕಲಸಿ ನೋಡಿ" ಎಂದರು.

ಮಂದಿರದ ಕಡೆಯಿಂದ ಸಂಜೆಯ ನಗಾರಿ ಕೇಳಿಸುತ್ತಿತ್ತು. ಕಾರು ಜೋಳದ ಹೊಲಗಳನ್ನು ದಾಟಿ ಹೆದ್ದಾರಿಗೆ ಬಂದಾಗ ಮೊಮ್ಮಗಳು ಅಜ್ಜಿಯ ಭುಜಕ್ಕೆ ಒರಗಿ ನಿದ್ರೆ ಹೋಗಿದ್ದಳು. ಚೀಲದೊಳಗಿನ ಪೊಟ್ಟಣದಿಂದ ಹುರಿದ ಧಾನ್ಯದ ಘಮ ಮೈಸೂರು ತಲುಪುವವರೆಗೂ ಅವರೊಡನೆ ಬಂತು.